ಕಪಾಟಿನ ಬೀಗದ ಕೈ

ಅರವತ್ತರ ದಶಕದಲ್ಲಿ ನಾನು ಬರೋಡಾದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ವಿದ್ಯಾರ್ಥಿಗಳ ಫೈಲುಗಳಿದ್ದ ಕಪಾಟಿನ ಬೀಗದ ಕೈ ನನ್ನ ಹತ್ತಿರವೇ ಇರುತ್ತಿತ್ತು, ಅದರ ಜಂಬವೂ ಇತ್ತು. ಪ್ರಾಂಶುಪಾಲರ ಚೀಟಿಯಿಲ್ಲದೆ ಯಾರಿಗೂ ಒಂದು ಹಾಳೆ ತೋರಿಸಿದವನಲ್ಲ. ಗುಜರಾತಿ ತಂದೆಯಂದಿರು ಕಿಟಕಿಯಾಚೆ ನಿಂತು ಎಷ್ಟು ಗೋಗರೆದರೂ ನಿಯಮ ಹೇಳಿ ಮುಖ ತಿರುಗಿಸುತ್ತಿದ್ದೆ.

ಅಲ್ಲಿ ಕನ್ನಡದ ಹುಡುಗಿ ಒಬ್ಬಳೇ. ಅಪ್ಪ ರೈಲ್ವೆಯವರು, ನನ್ನಂತೆ ಧಾರವಾಡದ ಕಡೆಯವರು. ಎರಡನೆಯ ವರ್ಷ ಅವಳಿಗೆ ಕ್ಷಯ ತಗುಲಿ ಆರು ತಿಂಗಳು ಆಸ್ಪತ್ರೆಯಲ್ಲಿದ್ದಳು. ಗುಣವಾಗಿ ಮರಳಿದ ದಿನ ಡಾಕ್ಟರ ಸರ್ಟಿಫಿಕೇಟು ಕೊಡುತ್ತ ದನಿ ತಗ್ಗಿಸಿದಳು.

"ಕಾಕಾ, ಇದನ್ನ ಯಾರಿಗೂ ತೋರಸಬ್ಯಾಡ್ರಿ."

"ಹುಚ್ಚಿ, ನನ್ನ ಕಪಾಟಿನಾಗ ಗಾಳೀನೂ ಆಡೂದಿಲ್ಲ," ಎಂದೆ.

ಮುಂದಿನ ಚಳಿಗಾಲದಲ್ಲಿ ಕಿಟಕಿಗೆ ಒಬ್ಬ ಹಿರಿಯರು ಬಂದರು. ಧೋತರ, ಕರಿ ಟೋಪಿ. "ನಮಸ್ಕಾರ್ರೀ, ನೀವು ನಮ್ಮ ಕಡೆಯವರಂತಲ್ಲ?"

ಅಷ್ಟು ಸಾಕಾಯಿತು. ದಿನವಿಡೀ ಗುಜರಾತಿಯಲ್ಲಿ ತಡವರಿಸುತ್ತಿದ್ದವನ ಕಿವಿಗೆ ಊರ ಮಾತು ಬಿದ್ದದ್ದೇ ತಡ, ಒಳಗೆ ಕರೆದು ಕೂರಿಸಿ ಚಹಾ ತರಿಸಿದೆ. ಊರಿನ ಸುದ್ದಿಯಾಯಿತು, ನನ್ನ ಸೋದರಮಾವ ಅವರಿಗೆ ಗೊತ್ತೆಂದೂ ತಿಳಿಯಿತು. ಆಮೇಲೆ ವಿಷಯಕ್ಕೆ ಬಂದರು. ಅಣ್ಣನ ಮಗನಿಗೆ ಆ ಹುಡುಗಿಯನ್ನು ನೋಡಿದ್ದಾರೆ, ಮಾತು ಮುಗಿದಂತೆಯೇ, ಮದುವೆಯ ಮೇಲೂ ಓದಿಸುತ್ತಾರೆ. "ಮಾರ್ಕ್ಸ್ ಹ್ಯಾಂಗ ಅವ, ಒಂಚೂರು ನೋಡಬಹುದೇನ್ರಿ?"

ನಮ್ಮವರಲ್ಲವೇ! ಅವಳ ಅಂಕಗಳು ಚೆನ್ನಾಗಿದ್ದವು, ತೋರಿಸಲು ನನಗೇ ಹೆಮ್ಮೆ. ಫೈಲನ್ನು ಅವರ ಮುಂದಿಟ್ಟು ಇನ್ನೊಂದು ಚಹಾ ಹೇಳಲು ಹೊರಗೆ ಹೋದೆ. ಸರ್ಟಿಫಿಕೇಟು ಅದರಲ್ಲೇ ಇದ್ದದ್ದು ನೆನಪಾಗಲಿಲ್ಲ. ಮರಳಿದಾಗ ಅವರು ಫೈಲು ಮುಚ್ಚಿ ಎದ್ದು ನಿಂತಿದ್ದರು. ಚಹಾ ಬೇಡವೆಂದರು.

ಆಗ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ನನ್ನದು ಅದೇ ಬುದ್ಧಿ.

ಸಂಬಂಧ ಮುರಿಯಿತು. ಕಾಲೇಜಿನ ಫೈಲಿನಲ್ಲೇ ನೋಡಿದೆವೆಂದು ಹೇಳಿಕಳಿಸಿದರಂತೆ. ಬರೋಡಾದಲ್ಲಿದ್ದ ನಾಲ್ಕಾರು ಕನ್ನಡದ ಮನೆಗಳಿಗೂ ಸುದ್ದಿ ಹೋಯಿತು. ಅಪ್ಪ ಸೂರತ್‌ಗೆ ವರ್ಗ ಕೇಳಿಕೊಂಡರು, ಅವಳ ಓದು ಬಿಡಿಸಿದರು. ಟಿ.ಸಿ. ಒಯ್ಯಲು ಅವಳೇ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಕಿಟಕಿಯಾಚೆಯೇ ನಿಂತಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

"ಕಾಕಾ, ನನ್ನ ಫೈಲ್ ನಾ ಒಮ್ಮೆ ನೋಡ್ಲೇನ್ರಿ? ಗುಣ ಆಗ್ಯದ ಅಂತ ಡಾಕ್ಟರು ಬರದದ್ದು ಅವರಿಗೆ ಕಾಣಸ್ತೋ ಇಲ್ಲೋ ಅಂತ."

ಹಿಂದಿನ ಮೇಜಿನಲ್ಲಿ ಹೆಡ್‌ಕ್ಲಾರ್ಕ್ ಕೂತಿದ್ದರು. ಹೆದರಿದೆ. "ಹುಡುಗರಿಗೆ ತೋರಸೂ ನಿಯಮ ಇಲ್ಲವ್ವಾ," ಎಂದೆ.

"ಹೌದ್ರಿ," ಎಂದಳು. ಸಹಿ ಮಾಡಿ, ಟಿ.ಸಿ. ಮಡಿಚಿಕೊಂಡು ಹೋದಳು.

ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ನಾನೇ ಫೈಲು ಬಿಚ್ಚಿದೆ. ಪೂರ್ತಿ ಗುಣವಾಗಿದ್ದಾಳೆ, ಯಾವ ಭಯವೂ ಇಲ್ಲ ಎಂದು ಡಾಕ್ಟರು ಬರೆದದ್ದು ಹಾಳೆಯ ಹಿಂಬದಿಯಲ್ಲಿತ್ತು. ಸೂರತ್ ಹತ್ತಿರದ ಊರು. ಅದನ್ನವಳಿಗೆ ಹೇಳಿಬರಲು ನಾನು ಹೋಗಲಿಲ್ಲ.