ಹದಿನಾರರ ಮಗ್ಗಿ ಮುಗಿಯುವಷ್ಟರಲ್ಲಿ

ಅಪ್ಪಯ್ಯ ಸೊರಬದ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಮಾಸ್ತರಾಗಿದ್ದವರು. ಬಾಯಿಲೆಕ್ಕದ ಒಂದು ಆಟವನ್ನು ಅವರೇ ಕಟ್ಟಿದ್ದರು. ನೀರು ತುಂಬಿದ ಬೋಗುಣಿ, ಅದರಲ್ಲಿ ತೇಲುವ ಪುಟ್ಟ ತಾಮ್ರದ ಬಟ್ಟಲು, ಬಟ್ಟಲಿನ ತಳದಲ್ಲಿ ಒಂದು ತೂತು. ಮದುವೆ ಮುಹೂರ್ತಕ್ಕೆ ಪುರೋಹಿತರು ಇಡುತ್ತಿದ್ದ ಗಳಿಗೆ ಬಟ್ಟಲಿನ ಮರಿ ಎನ್ನಬಹುದು. ಪಕ್ಕದಲ್ಲಿ ತಗಡಿನ ಡಬ್ಬಿ, ಅದರ ತುಂಬ ಲೆಕ್ಕದ ಚೀಟಿಗಳು. ಒಂದು ಚೀಟಿ ಎತ್ತಿ ಓದುವುದು, ಬಟ್ಟಲು ತೇಲಿಬಿಡುವುದು, ಅದು ಮುಳುಗುವುದರೊಳಗೆ ಉತ್ತರ ಹೇಳಬೇಕು. ಹದಿನಾರರ ಮಗ್ಗಿಯನ್ನು ಒಂದು ಸಲ ಹೇಳಿ ಮುಗಿಸುವಷ್ಟೇ ಹೊತ್ತು. ಆ ತೂತನ್ನು ಸೂಜಿಯಿಂದ ಹಿಗ್ಗಿಸಿ ಹಿಗ್ಗಿಸಿ ಆ ಲೆಕ್ಕಕ್ಕೆ ತಂದದ್ದು ಅವರೇ.

ಚಿಕ್ಕವಳಿದ್ದಾಗ ನಾನೂ ಅವರ ತರಗತಿಯಲ್ಲೇ ಕೂತವಳು. ಒಮ್ಮೆ ಬಟ್ಟಲು ಗುಳುಕ್ ಎಂದ ಮರುಕ್ಷಣ ಸರಿಯುತ್ತರ ಹೇಳಿದ್ದೆ. "ಮುಳುಗಿದ ಮೇಲೆ ಹೇಳಿದ್ದು ಉತ್ತರ ಅಲ್ಲ" ಎಂದು ಸೊನ್ನೆ ಹಾಕಿದರು. ಮಗಳೆಂಬ ಮುಲಾಜೂ ಇರಲಿಲ್ಲ. ಮನೆಗೆ ಬಂದು ಅಮ್ಮನ ಸೆರಗು ಒದ್ದೆಯಾಗುವಷ್ಟು ಅತ್ತಿದ್ದೆ.

ಐವತ್ತರ ದಶಕದ ಕೊನೆಯ ಹೊತ್ತಿಗೆ ಅಮ್ಮ ಇರಲಿಲ್ಲ. ನಾನು ಶಿಕಾರಿಪುರದಲ್ಲಿ ಟೀಚರ್ ಆಗಿದ್ದೆ. ಸೇರು, ಕೊಳಗ ಹೋಗಿ ಕಿಲೋ ಬರುತ್ತದೆ ಎಂದು ನಮ್ಮ ಶಾಲೆಯಲ್ಲಿ ಮಾತು ಶುರುವಾಗಿದ್ದ ಕಾಲ. ಅಪ್ಪಯ್ಯನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ನನ್ನ ಬಾಡಿಗೆ ಮನೆಗೆ ಕರೆತಂದೆ. ಮಾತು ಉಳಿದಿತ್ತು, ನೆನಪೂ ಉಳಿದಿತ್ತು. ಲೆಕ್ಕ ಮಾತ್ರ ತಡವಾಗಿ ಬರುತ್ತಿತ್ತು. ಹನ್ನೆರಡು ಏಳಲ ಎಷ್ಟು ಎಂದರೆ ಕಣ್ಣು ಮುಚ್ಚಿ ಹುಡುಕುತ್ತಿದ್ದರು.

ಒಂದು ಬೆಳಿಗ್ಗೆ ಅವರೇ ಬಟ್ಟಲು ತರಿಸಿದರು. "ದಿನಾ ಹತ್ತು ಲೆಕ್ಕ ಕೇಳು. ಹತ್ತಕ್ಕೆ ಹತ್ತು ಹೇಳಿದ ದಿನ ಬೀದಿ ಮಕ್ಕಳನ್ನ ಕರಿ, ಪಾಠ ಶುರು ಮಾಡ್ತೀನಿ. ಅಲ್ಲಿವರೆಗೆ ಯಾರೂ ಬರೋದು ಬ್ಯಾಡ" ಎಂದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ, ಮತ್ತೆ ಮಾಸ್ತರಾಗುವುದು.

ಹಾಗೆ ನಾನು ಶಾಲೆಗೆ ಹೊರಡುವ ಮೊದಲು ದಿನವೂ ಆಟ ನಡೆಯಿತು. ಮೊದಲ ವಾರ ಎರಡು ಸರಿ, ಆಮೇಲೆ ನಾಲ್ಕು, ಎರಡು ತಿಂಗಳಿಗೆ ಏಳು. ಏಳಕ್ಕೆ ಬಂದು ಅಲ್ಲೇ ನಿಂತಿತು. ಎಷ್ಟೋ ಸಲ ಉತ್ತರ ಅವರ ತುಟಿಯ ಮೇಲಿರುತ್ತಿತ್ತು, ದರಿದ್ರದ ಬಟ್ಟಲು ಗುಳುಕ್ ಎನ್ನುತ್ತಿತ್ತು. ಒಂದು ದಿನ ಅಪ್ಪಯ್ಯ ಗೋಡೆ ಕಡೆ ತಿರುಗಿ ಅತ್ತರು. ಅವರು ಅತ್ತದ್ದನ್ನು ಅಮ್ಮ ಹೋದಾಗಲೂ ನಾನು ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಬಟ್ಟಲು ತೊಳೆಯುವ ನೆಪದಲ್ಲಿ ಒಳಗೆ ಒಯ್ದು, ತೂತಿನ ಒಂದು ಅಂಚಿಗೆ ಚೂರು ಜೇನುಮೇಣ ಮೆತ್ತಿದೆ.

ಮರುದಿನ ಒಂಬತ್ತು ಬಂತು. ಮೂರನೆಯ ದಿನ ಹತ್ತಕ್ಕೆ ಹತ್ತು. ನಾನು ಚಪ್ಪಾಳೆ ತಟ್ಟಿದೆ, ನಾಚಿಕೆಗೆಟ್ಟವಳು.

"ನಾಳೆ ಮಕ್ಕಳನ್ನ ಕರೀಲಾ ಅಪ್ಪಯ್ಯ?"

ಅವರು ನಗಲಿಲ್ಲ. ಬಟ್ಟಲನ್ನೇ ನೋಡುತ್ತಿದ್ದರು. "ತಡಿ" ಎಂದರು.

ಸಂಜೆ ಶಾಲೆಯಿಂದ ಬಂದಾಗ ಮನೆ ಒಡತಿ ಬಾಗಿಲಲ್ಲೇ ಹಿಡಿದುಕೊಂಡರು. "ಏನ್ರೀ ಟೀಚರ್ರೇ, ನಿಮ್ಮಪ್ಪಾರು ಇವತ್ತು ಊಟಾನೂ ಸರಿ ಮಾಡ್ಲಿಲ್ಲ. ನೀರಾಗ ಬಟ್ಟಲ ಬಿಟ್ಕಂಡು ಹದಿನಾರರ ಮಗ್ಗಿ ಹೇಳಿದ್ದೇ ಹೇಳಿದ್ದು ರೀ. ನಂಗೂ ಬಾಯಿಪಾಠ ಆತು!" ಎಂದು ನಕ್ಕರು.

ಮರುದಿನ ಬೆಳಿಗ್ಗೆ ನಾನು ಡಬ್ಬಿ ಎತ್ತಿಕೊಳ್ಳಲು ಹೋದರೆ, "ಇವತ್ತು ಒಂದೇ ಚೀಟಿ. ನಾನು ಬರ್ದಿದ್ದು. ಉತ್ತರ ನೀನು ಹೇಳ್ಬೇಕು" ಎಂದು ಅಪ್ಪಯ್ಯ ಕೈಗೆ ಕೊಟ್ಟರು. ಗಟ್ಟಿಯಾಗಿ ಓದಿಸಿದರು. 'ಒಂದು ಬಟ್ಟಲು ಹದಿನಾರರ ಮಗ್ಗಿ ಒಂದು ಸಲ ಹೇಳುವುದರಲ್ಲಿ ಮುಳುಗುತ್ತಿತ್ತು. ಈಗ ಎರಡು ಸಲ ಹೇಳಬೇಕು. ತೂತಿನ ಎಷ್ಟು ಪಾಲು ಮುಚ್ಚಿದೆ?'

ಓದಿ ಮುಗಿಸುತ್ತಲೇ ಅವರು ಬಲಗೈಯಿಂದ ಬಟ್ಟಲು ತೇಲಿಬಿಟ್ಟರು.

ಎರಡನೇ ಇಯತ್ತೆಯ ಮಗುವೂ ಹೇಳುವ ಲೆಕ್ಕ. ಅವರಿಗೆಂದು ನಾನು ಕದ್ದು ಕೊಟ್ಟ ಎರಡರಷ್ಟು ಹೊತ್ತು ಈಗ ನನಗೇ ಸಿಕ್ಕಿತ್ತು. ನೀರು ಬಟ್ಟಲೊಳಗೆ ಸಣ್ಣಗೆ ಏರುವುದನ್ನು ನೋಡುತ್ತ ಕೂತೆ. ಗುಳುಕ್ ಎಂದಮೇಲೆ "ಅರ್ಧ" ಎಂದೆ.

"ಮುಳುಗಿದ ಮೇಲೆ ಹೇಳಿದ್ದು ಉತ್ತರ ಅಲ್ಲ" ಎಂದರು. ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅಲ್ಲೇ ಸೂಜಿ ತಂದು ಮೇಣ ಕೆರೆದೆ. ಕಾಲು ಹಿಡಿದುಕೊಂಡೆ. ಮೂರು ದಿನದ ಕೆಳಗೆ ಹಚ್ಚಿದ್ದು, ಅದಕ್ಕೂ ಮುಂಚಿನ ಏಳು ನಿಮ್ಮದೇ, ದೇವರಾಣೆ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ಇರಬಹುದು ಮಗಾ. ಆದ್ರೆ ಆ ಏಳೂ ನಂದೇ ಅಂತ ನಂಗೆ ಇನ್ನು ಹೆಂಗೆ ಗೊತ್ತಾಗ್ಬೇಕು?"

ಇನ್ನೊಂದೆರಡು ತಿಂಗಳು ತಾಳಿದ್ದರೆ ಅವರ ಸ್ವಂತ ಬಲದಿಂದಲೇ ಹತ್ತು ಬರುತ್ತಿತ್ತೇನೋ. ಎರಡರಿಂದ ಏಳಕ್ಕೆ ಏರಿದವರು ಅವರು. ಅಳುವುದನ್ನು ನೋಡಲಾರದೆ ನಾನು ಅವಸರ ಮಾಡಿದೆ, ಅದನ್ನು ಪ್ರೀತಿ ಎಂದುಕೊಂಡೆ.

ಆಮೇಲೆ ಅವರು ಬಟ್ಟಲು ಕೇಳಲಿಲ್ಲ. ಮರುವರ್ಷದ ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಅಷ್ಟು ದಿನವೂ ಬೀದಿಯ ಮಕ್ಕಳು ನಮ್ಮ ಜಗಲಿಯ ಮುಂದೆಯೇ ಗೋಲಿ ಆಡುತ್ತಿದ್ದರು. ಅಪ್ಪಯ್ಯ ಕಿಟಕಿಯಿಂದ ನೋಡುತ್ತಿದ್ದರು. ಮಕ್ಕಳನ್ನು ಒಳಗೆ ಕರೆಯಲೇ ಎಂದು ನಾನು ಮತ್ತೆ ಕೇಳಲಿಲ್ಲ.