ಮಧ್ಯಾಹ್ನದ ಕೊಪ್ಪರಿಗೆ

ಪುಕ್ಕಟೆ ಊಟದ ಅಡಿಗೆಮನೆಯ ಸೌಟಣ್ಣನಿಗೆ ತಲೆ ಕೆಟ್ಟು ಕೆರ ಹಿಡಿದಿತ್ತು. ಸಿಟ್ಟು ಬಂದರೆ ಕೈಯಲ್ಲಿದ್ದ ಸೌಟನ್ನೇ ಎತ್ತುತ್ತಾನೆಂದು ಅವನಿಗೆ ಆ ಹೆಸರು. ಹಸಿದವರಿಗೆಂದು ದಿನವೂ ಒಂದು ಕೊಪ್ಪರಿಗೆ ತುಂಬ ಬೇಳೆ ಗಂಜಿ ಬೇಯಿಸುತ್ತಿದ್ದ. ಮಧ್ಯಾಹ್ನ ಗಂಟೆ ಬಾರಿಸಿ ಬಾಗಿಲು ತೆರೆದರೆ ಒಳಗೆ ಬರುವವರು ನಾಲ್ಕೈದು ಮುದುಕರು, ಅಷ್ಟೆ. ಮಿಕ್ಕ ಗಂಜಿ ಚರಂಡಿ ಪಾಲು.

ಮ್ಯಾನೇಜರು ಕೊಪ್ಪರಿಗೆಯಲ್ಲಿ ಇಣುಕಿ ನೋಡಿ ಹೇಳಿದ್ದರು: "ಈ ಊರಲ್ಲಿ ಹಸಿವೇ ಇಲ್ಲ ಕಣಯ್ಯಾ. ಈ ವಾರವೂ ಹೀಗೇ ಉಳಿದ್ರೆ ಒಲೆ ಆರಿಸಿಬಿಡೋಣ."

ಹಸಿವೇ ಇಲ್ಲವೆ? ಹಾಗಾದರೆ ಸಂಜೆ ಸಂತೆಕಟ್ಟೆಯ ಹಿಂದೆ ಕೊಳೆತ ಸೊಪ್ಪು ಆರಿಸುವವರು ಯಾರು, ದೆವ್ವಗಳೆ? ಅವರು ಇಲ್ಲಿಗೇಕೆ ಬರುವುದಿಲ್ಲ? ಎಷ್ಟು ತಿಣುಕಿದರೂ ಅವನಿಗೆ ಲೆಕ್ಕ ಹತ್ತಲಿಲ್ಲ.

ಅಡಿಗೆಯವನ ಬುದ್ಧಿ ನೋಡಿ, ಗಂಜಿ ಉಳಿದದ್ದು ಅವನಿಗೆ ರುಚಿಯ ತಪ್ಪಾಗಿಯೇ ಕಂಡಿತು. ಉಪ್ಪು ತಗ್ಗಿಸಿದ, ಉಳಿಯಿತು. ಬೇಳೆ ಹೆಚ್ಚಿಸಿದ, ಉಳಿಯಿತು. ಬೆಳ್ಳುಳ್ಳಿ ಹುರಿದು ಹಾಕಿದ. ಘಮ ಬೀದಿಯ ತುದಿ ಮುಟ್ಟಿತು, ಜನ ಮಾತ್ರ ಬರಲಿಲ್ಲ.

"ಏನು ಕಮ್ಮಿಯಾಗಿದೆ ಹೇಳಜ್ಜಾ?" ಎಂದು ದಿನಾ ಬರುವ ಮುದುಕನನ್ನು ಗದರಿಸಿ ಕೇಳಿದ.

"ನನಗೆ ಹಲ್ಲು ಕಮ್ಮಿಯಾಗಿದೆ. ಗಂಜಿಗೇನು ಧಾಡಿ? ಇನ್ನೊಂದು ಸೌಟು ಹಾಕು."

ಕೊನೆಗೆ ಒಂದು ಡಬ್ಬಿಯಲ್ಲಿ ಗಂಜಿ ಹಾಕಿಕೊಂಡು ಸಂಜೆ ತಂಗಿಯ ಮನೆಗೆ ಹೋದ. ಅವನ ಅಡಿಗೆಯಲ್ಲಿ ಕೊಂಕು ತೆಗೆಯುವುದರಲ್ಲಿ ಅವಳು ಚಿಕ್ಕಂದಿನಿಂದಲೂ ಎತ್ತಿದ ಕೈ. ಬಾಟಲಿ ತೊಳೆಯುವ ಶೆಡ್ಡಿನಿಂದ ಆಗತಾನೆ ಬಂದಿದ್ದಳು, ಬೆರಳೆಲ್ಲ ನೆಂದು ಸುಕ್ಕಾಗಿತ್ತು. ನಿಂತಲ್ಲೇ ಡಬ್ಬಿ ಎತ್ತಿ ಗಟಗಟ ಕುಡಿದು, ತಳವನ್ನು ಬೆರಳಿನಿಂದ ಬಳಿದಳು.

"ಉಪ್ಪು ಹೇಗಿತ್ತೇ?"

"ನೋಡ್ಲಿಲ್ಲ ಕಣಣ್ಣಾ." ತಲೆ ತಗ್ಗಿಸಿದಳು. "ನಿನ್ನೆಯಿಂದ ಬರೀ ಟೀಲೇ ಇದ್ದೆ."

ಅವನ ಸಿಟ್ಟು ನೆತ್ತಿಗೇರಿತು. "ಹುಚ್ಚು ಮುಂಡೇದೇ! ಎರಡು ಬೀದಿ ಆಚೆ ನಾನು ಗಂಜಿ ಚರಂಡಿಗೆ ಸುರೀತಿದೀನಿ. ಬರೋಕೇನು ನಿಂಗೆ?"

"ನಿನ್ನ ಗಂಟೆ ಕೇಳ್ಸುತ್ತೆ. ಆಗ ನನ್ನ ಕೈ ಬಾಟ್ಲಿ ಒಳಗಿರುತ್ತೆ. ಎದ್ದು ಬಂದ್ರೆ ಆವತ್ತಿನ ಕೂಲಿ ಹೋಯ್ತು. ಬರೋ ಕೂಲೀನೂ ಬಾಡಿಗೆಗೇ ಸರಿಹೋಗುತ್ತೆ. ಶೆಡ್ಡಲ್ಲಿ ನಾವೆಲ್ಲ ನಿನ್ನ ಗಂಟೆ ಕೇಳ್ಕೊಂಡೇ ನೀರು ಕುಡೀತೀವಿ."

ಮಾರನೆಯ ದಿನ ಅವನು ಮಧ್ಯಾಹ್ನ ಒಲೆಯನ್ನೇ ಹೊತ್ತಿಸಲಿಲ್ಲ. ಶೆಡ್ಡು ಬಿಡುವ ಹೊತ್ತಿಗೆ ಗಂಟೆ ಬಾರಿಸಿದ. ಒದ್ದೆ ಕೈಗಳ ಸಾಲು ಬೀದಿ ತಿರುವಿನವರೆಗೆ ಹಬ್ಬಿತು. ಸೌಟು ತಳಕ್ಕೆ ಬಡಿದು ಠಣ್ಣೆಂದಿತು. ಮ್ಯಾನೇಜರು ತಲೆ ಕೆರೆದುಕೊಂಡರು. "ಇಷ್ಟು ದಿನ ಇವರೆಲ್ಲ ಎಲ್ಲಿದ್ರಯ್ಯಾ?"

"ಇಲ್ಲೇ ಇದ್ರು ಸ್ವಾಮೀ. ನಮ್ಮ ಗಂಟೆ ಎಲ್ಲಿತ್ತೋ ಅದನ್ನ ಕೇಳಿ!"

ಒಲೆ ಉಳಿಯಿತೆಂದು ಬೀಗುತ್ತ ಬಾಗಿಲು ಹಾಕಲು ಹೋದರೆ, ಮೆಟ್ಟಿಲ ಮೇಲೆ ಹಲ್ಲಿಲ್ಲದ ಮುದುಕ ಗೋಡೆಗೊರಗಿ ಕೂತಿದ್ದ. ಮಧ್ಯಾಹ್ನ ಎಂದಿನಂತೆ ಬಂದವನು. ಸಾಲಿನಲ್ಲಿ ನಿಲ್ಲುವ ತ್ರಾಣ ಅವನಿಗಿರಲಿಲ್ಲ.

ಸೌಟಣ್ಣ ಖಾಲಿ ಕೊಪ್ಪರಿಗೆಯನ್ನು ನೋಡಿದ, ಮುದುಕನನ್ನು ನೋಡಿದ. ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ. "ಸರಿಯಾಗಿ ಹೇಳಜ್ಜಾ, ನಿನಗೆ ಯಾವ ಹೊತ್ತಿಗೆ ಹಸಿವಾಗುತ್ತೆ?"

"ಹಸಿವಿಗೆ ಹೊತ್ತೇನು ಮಗಾ?"

ಸೌಟಣ್ಣ ಗೊಣಗುತ್ತಲೇ ಮತ್ತೆ ಒಲೆ ಹೊತ್ತಿಸಿದ. ಈಗ ಅವನು ಎರಡು ಹೊತ್ತೂ ಅರ್ಧರ್ಧ ಕೊಪ್ಪರಿಗೆ ಬೇಯಿಸುತ್ತಾನೆ. ಸುದ್ದಿ ಹಬ್ಬಿ ಮಧ್ಯಾಹ್ನವೂ ಜನ ಹೆಚ್ಚಿದ್ದಾರೆ, ಎರಡು ಹೊತ್ತೂ ಸಾಲುವುದಿಲ್ಲ.