ಗಿರಿಜಾ ಸಾಕಿದ ಶತ್ರುಗಳು

ಟೊರೊಂಟೊ ಪಕ್ಕದ ಮೆಡೋವೇಲಿನ ಗಿರಿಜಾಳ ಕೈಕೆಳಗೆ ಕೋಟ್ಯಂತರ ಸೈನಿಕರಿದ್ದರು. ಅಷ್ಟೂ ಮಂದಿ ಶತ್ರುಪಕ್ಷದವರು. ಟೊರೊಂಟೊ ನಗರದ ನಡುವಿನ ಒಂದು ಲ್ಯಾಬಿನಲ್ಲಿ ಅವಳು ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳನ್ನು ಸಾಕುತ್ತಿದ್ದಳು. ಗುಲಾಬಿ ಬಣ್ಣದ ದ್ರವ ಬದಲಿಸಿ, ಮೈಬಿಸಿಯಷ್ಟೇ ಕಾವು ಕೊಟ್ಟು, ಬಾಣಂತನ ಮಾಡಿದಂತೆ ನೋಡಿಕೊಳ್ಳುವ ಕೆಲಸ. ಮೈಸೂರಿನಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವಳು ಇಲ್ಲಿಗೆ ಬಂದು ಕಾಫಿ ಅಂಗಡಿಯಲ್ಲಿ ನಿಂತು, ಮತ್ತೆ ಓದಿ, ಟೆಕ್ನೀಷಿಯನ್ ಆಗಿದ್ದಳು. ಇಷ್ಟು ವರ್ಷವೂ ಸಾಕಿದ್ದು ಬೇರೆಯವರ ಪ್ರಯೋಗದ ಕೋಶಗಳನ್ನೇ. ಈ ಚಳಿಗಾಲದಲ್ಲಿ ಮೊದಲ ಸಲ ಅವಳದೇ ಒಂದು ಯೋಚನೆಗೆ ಪ್ರೊಫೆಸರಮ್ಮ ತಲೆಯಾಡಿಸಿದ್ದರು. ಗೆದ್ದರೆ ಆ ಪ್ರಾಜೆಕ್ಟು ಅವಳದು. ಸೋತರೆ ಮತ್ತೆ ಪರರ ಬಾಣಂತನ.

ಯೋಚನೆ ಇಷ್ಟೇ. ಈ ಕೋಶಗಳಿಗೆ ಗಂಡಸರ ಹಾರ್ಮೋನೇ ಅನ್ನ. ಅದನ್ನು ಕಸಿದರೆ ಸೊರಗುತ್ತವೆ. ಆದರೆ ಕೆಲವು ಕಳ್ಳಕೋಶಗಳು ಹಿತ್ತಿಲ ಬಾಗಿಲಿನಿಂದ ಊಟ ತರಿಸಿಕೊಳ್ಳುತ್ತವೆ. ತಂದುಕೊಡುವುದು ಒಂದು ಪ್ರೋಟೀನು, ಇನ್ಸುಲಿನ್ನಿನ ದಾಯಾದಿ. ಹಾರ್ಮೋನಿನಂತೆಯೇ ರಕ್ತದಲ್ಲಿ ತಿರುಗಾಡಿ, ಕೋಶದ ಬಾಗಿಲು ತಟ್ಟಿ, "ಬೆಳಿ" ಎಂದು ಹೇಳಿ ಹೋಗುತ್ತದೆ. ಉಪವಾಸ ಕೆಡವಿದ ಮೇಲೆ ಬೀಗ ಹಾಕುವ ಬದಲು, ಹಿತ್ತಿಲ ಬಾಗಿಲಿಗೆ ಒಂದು ಔಷಧದಿಂದ ಮೊದಲೇ ಬೀಗ ಜಡಿದರೆ? ಗಿರಿಜಾಳ ಇಡೀ ಯುದ್ಧತಂತ್ರ ಇದು.

ಶುಕ್ರವಾರ ಪ್ರಯೋಗ ಹೂಡಿ ಬಂದವಳಿಗೆ ಭಾನುವಾರದ ಹೊತ್ತಿಗೆ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದಳು. ಭಾನುವಾರ ಅವರ ಕಡೆಯಿಂದ ನಗರಕ್ಕೆ ಹೋಗುವ ಗೋ ರೈಲೂ ಓಡುವುದಿಲ್ಲ.

"ರೀ, ಕಾರ್ ತೆಗೀರಿ. ಲ್ಯಾಬಿಗೆ ಹೋಗ್ಬೇಕು."

"ಸಂಡೇ ಕಣೇ!" ಎಂದ ಗಂಡ ಮಧುಸೂದನ್. "ನಿನ್ನ ಸೆಲ್ಸ್‌ಗೆ ರಜಾ ಇಲ್ವಾ?"

"ಕ್ಯಾನ್ಸರಿಗೆ ವೀಕೆಂಡ್ ಇದ್ದಿದ್ರೆ ನಾನ್ಯಾಕೆ ಬೇಕಿತ್ತು? ಏಳಿ."

ಲ್ಯಾಬಿನಲ್ಲಿ ಜೊತೆಯವನಾದ ಧಾರವಾಡದ ನಿಜಗುಣ ಒಬ್ಬನೇ ಇದ್ದ. ಗಿರಿಜಾ ತನ್ನ ತಟ್ಟೆಯನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ, ಬಾಯಿಬಿಟ್ಟು, ಸರಿದು ಅವನಿಗೆ ಜಾಗ ಬಿಟ್ಟಳು.

"ಅಕ್ಕಾರ, ಇದೇನ್ರೀ, ಸಾಬೂದಾಣಿ ಪಾಯಸ ಆಗೇತಲ್ಲ! ಯೀಸ್ಟ್ ಬಂದಾವ ನೋಡ್ರಿ."

"ಆಂಟಿಬಯೋಟಿಕ್ ಹಾಕಿದ್ನಲ್ಲೋ!"

"ಅದಕ್ಕ ಬ್ಯಾಕ್ಟೀರಿಯಾ ಸಾಯ್ತಾವ. ಯೀಸ್ಟ್ ಅದನ್ನ ಕುಡದು ತೇಗತೈತಿ."

ಅಪರಾಧಿಯನ್ನು ಹುಡುಕಲು ಅವಳು ದೂರ ಹೋಗಬೇಕಾಗಲಿಲ್ಲ. ಈ ಚಳಿಯಲ್ಲಿ ಇಡ್ಲಿ ಹಿಟ್ಟು ಹುಳಿ ಬರಬೇಕಾದರೆ ಕೈಯಲ್ಲೇ ಕಲಸಬೇಕು, ಆಮೇಲೆ ಪಾತ್ರೆಯನ್ನು ದೀಪ ಉರಿಯುವ ಅವನ್‌ನೊಳಗೆ ಕೂರಿಸಬೇಕು ಎಂಬುದು ಊರ ಕನ್ನಡ ಗೃಹಿಣಿಯರೆಲ್ಲ ಒಪ್ಪಿದ ಸಂವಿಧಾನ. ಶುಕ್ರವಾರ ಬೆಳಗ್ಗೆ ಅವಳು ಮಣಿಕಟ್ಟಿನವರೆಗೆ ಕೈಯಿಟ್ಟು ಕಲಸಿ, ತೊಳೆದು, ರೈಲು ಹತ್ತಿದ್ದಳು. ಕೈಗವಸು ಮುಗಿದು ಕೋಟಿನ ತೋಳು ಶುರುವಾಗುವ ಸಂದಿನಲ್ಲಿ ಬಳೆಗಳು. ಮದುವೆಯಲ್ಲಿ ತೊಟ್ಟವು, ಮತ್ತೆ ಕಳಚಿರಲಿಲ್ಲ. ಬಳೆಯ ಕುಸುರಿಯಲ್ಲಿ ಹಿಟ್ಟು ಇನ್ನೂ ಬೆಳ್ಳಗೆ ಒಣಗಿ ಕೂತಿತ್ತು.

"ಇನ್‌ಕ್ಯುಬೇಟರ್ ಕೆಟ್ಟೈತಿ ಅಂತ ಹೇಳಿಬಿಡ್ರಿ," ಎಂದ ನಿಜಗುಣ ಮೆಲ್ಲಗೆ.

"ಹಾಗಂದ್ರೆ ಅದರಲ್ಲಿರೋ ನಿನ್ನ ಪ್ಲೇಟೂ ಕಸಕ್ಕೆ ಹೋಗತ್ತೆ. ಆಗ್ಬಹುದಾ?"

ನಿಜಗುಣನ ನ್ಯಾಯಬುದ್ಧಿ ತಕ್ಷಣ ಜಾಗೃತವಾಯಿತು. "ಬ್ಯಾಡ್ರಿ ಅಕ್ಕಾರ. ಖರೇನ ಹೇಳ್ರಿ."

ಸೋಮವಾರ ಪ್ರೊಫೆಸರಮ್ಮ ಎಲ್ಲವನ್ನೂ ಕೇಳಿ, ಬಳೆಗಳನ್ನು ದಿಟ್ಟಿಸಿ, ಇನ್ನೊಂದೇ ಒಂದು ಅವಕಾಶ ಎಂದರು. ಕೈ ಬರಿದಾಗಿರಬೇಕು.

ಅಂದು ಸಂಜೆ ಅಡುಗೆಮನೆಯ ಸಿಂಕಿನ ಬಳಿ ಘೋರ ಕಾಳಗ ನಡೆಯಿತು. ಮಧುಸೂದನ್ ಕೊಬ್ಬರಿ ಎಣ್ಣೆ ಸವರಿ, ಪಾತ್ರೆ ಸೋಪು ಸುರಿದು, ಕಾಲು ಗೋಡೆಗೆ ಕೊಟ್ಟು ಎಳೆದ.

"ಅಯ್ಯೋ ನಿಧಾನ! ಕೈ ಬರುತ್ತೆ!"

"ತೊಡೋವಾಗ ತೆಳ್ಳಗಿದ್ದೆ ಕಣೇ ನೀನು."

"ನೀವೂ ಆಗ ಮಾತು ಕಮ್ಮಿ ಆಡ್ತಿದ್ರಿ."

ಕೊನೆಗೆ ಬಳೆಗಳು ಬಂದವು. ಗಿರಿಜಾ ಬರಿಗೈಯನ್ನು ಅಪರಿಚಿತರದ್ದೆಂಬಂತೆ ನೋಡಿಕೊಂಡಳು. ಇಡ್ಲಿ ಆ ಮನೆಯಿಂದ ಗಡೀಪಾರಾಯಿತು. ಮಧುಸೂದನ್ ಉಪ್ಪಿಟ್ಟು ತಿಂದು ದೇಶಸೇವೆ ಮಾಡಿದ.

ಎರಡನೆಯ ಸಲ ಅವಳು ಉಸಿರನ್ನೂ ಅಳೆದು ಬಿಟ್ಟಳು. ತಟ್ಟೆಯ ಗುಳಿಗಳ ಒಂದು ಸಾಲಿಗೆ ಬರೀ ಉಪವಾಸ. ಇನ್ನೊಂದಕ್ಕೆ ಉಪವಾಸದ ಮೇಲೆ ಪ್ರೋಟೀನು. ಮತ್ತೊಂದಕ್ಕೆ ಮೊದಲೇ ಬೀಗ, ಆಮೇಲೆ ಉಪವಾಸ, ಆಮೇಲೆ ಪ್ರೋಟೀನು. ಕಾಯುವ ದಿನಗಳಲ್ಲಿ ಅವಳ ಕಾಲು ಮೇಜಿನಡಿಯಲ್ಲಿ ಹೊಲಿಗೆ ಯಂತ್ರ ತುಳಿಯುವಂತೆ ಅಲ್ಲಾಡುತ್ತಲೇ ಇತ್ತು. ಬೆರಳುಗಳು ಇಲ್ಲದ ಬಳೆಯನ್ನು ತಿರುಗಿಸುತ್ತಿದ್ದವು.

ನೋಡುವ ದಿನ ಬಂತು. ಉಪವಾಸದ ಸಾಲು ಸೊರಗಿತ್ತು. ಪ್ರೋಟೀನು ಉಂಡ ಸಾಲು ಜಾತ್ರೆಯಂತೆ ಕಿಕ್ಕಿರಿದಿತ್ತು.

"ಬೆಳೆದಿವೆ ಕಣೋ!"

"ಮೆಲ್ಲಕ್ರಿ. ಕ್ಯಾನ್ಸರ್ ಬೆಳೀತಂತ ಹಿಂಗ ಕುಣಿಯೋರನ್ನ ನಾ ಎಲ್ಲೂ ನೋಡಿಲ್ಲ."

ಗಿರಿಜಾ ತಟಕ್ಕನೆ ನಿಂತಳು. ಆ ಕಳ್ಳರು ತಟ್ಟೆಯ ಬದಲು ಒಬ್ಬರ ಮೈಯಲ್ಲಿ ಹೀಗೆ ಹಬ್ಬ ಮಾಡುತ್ತಾರೆಂಬುದು ಅವಳಿಗೆ ಆಗ ನೆನಪಾಯಿತು. ಬೀಗದ ಸಾಲನ್ನು ಎಳೆದುಕೊಂಡಳು. ಅಲ್ಲಿ ಜನ ವಿರಳವಾಗಿದ್ದರು. ಉಪವಾಸದ ಸಾಲಿಗಿಂತ ತುಸು ಹೆಚ್ಚು, ಅಷ್ಟೇ. ಪೂರ್ತಿ ಸತ್ತಿರಲಿಲ್ಲ, ಆದರೆ ಹಬ್ಬವೂ ಇರಲಿಲ್ಲ.

ಪ್ರೊಫೆಸರಮ್ಮ ಬಂದು ಬಗ್ಗಿ ಬಹಳ ಹೊತ್ತು ನೋಡಿದರು. ಇನ್ನೂ ಎರಡು ಸಲ ಮಾಡಬೇಕು, ಆಮೇಲೆ ನಂಬೋಣ, ಎಂದರು. ಹೊರಡುವಾಗ ಬಾಗಿಲಲ್ಲಿ ತಿರುಗಿ, ನಿನ್ನ ಪ್ರಾಜೆಕ್ಟಿಗೆ ಏನೇನು ಬೇಕೋ ನಾಳೆ ಹೇಳು, ಎಂದರು.

ನಿನ್ನ ಪ್ರಾಜೆಕ್ಟು! ನಿಜಗುಣ ಹಲ್ಲು ಬಿಟ್ಟ. ಗಿರಿಜಾಳ ಕಣ್ಣು ಆಗಲೇ ಮತ್ತೆ ಮೈಕ್ರೋಸ್ಕೋಪಿಗೆ ಅಂಟಿತ್ತು. ಬೀಗ ಜಡಿದ ಮನೆಯಲ್ಲಿ ಉಳಿದ ಆ ನಾಲ್ಕಾರು ಜನಕ್ಕೆ ಯಾವ ಕಿಟಕಿಯಿಂದ ಊಟ ಬಂತು?